ಪ್ರಾಜೆಕ್ಟ್ ಮಕ್ಕಳ ಕೈಗೇ ಬರಲಿ

ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯ ದಿನ ಹತ್ತಿರವಾದಂತೆ ಪುಸ್ತಕದಂಗಡಿಗಳಲ್ಲಿ ಚಾರ್ಟು, ಥರ್ಮೊಕೋಲು ಖಾಲಿಯಾಗುತ್ತವೆ. ರಾತ್ರಿ ಅಮ್ಮ ಅಂಟಿಸುತ್ತಾರೆ, ಅಪ್ಪ ಶೀರ್ಷಿಕೆ ಬರೆಯುತ್ತಾರೆ, ಬೆಳಿಗ್ಗೆ ಮಗು ಅದನ್ನು ಹೊತ್ತುಕೊಂಡು ಶಾಲೆಗೆ ಹೋಗುತ್ತದೆ. ಈಗ ಆನ್‌ಲೈನ್ ಸೌಲಭ್ಯ ಬಂದಿದೆ. ಆದರೂ ಎಷ್ಟೋ ಕಡೆ ಆಗಿರುವ ಬದಲಾವಣೆ ಇಷ್ಟೇ: ಚಾರ್ಟಿನ ಬದಲು ಸಿದ್ಧ ಟೆಂಪ್ಲೇಟು, ಅದರಲ್ಲಿ ಮಗುವಿನ ಹೆಸರು. ಇದಕ್ಕಾಗಿ ಕಂಪ್ಯೂಟರ್ ಬೇಕಿರಲಿಲ್ಲ.

ಬೇರೆ ದಾರಿ ನಮ್ಮ ಹತ್ತಿರವೇ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳ ಮಕ್ಕಳ ಕಥೆಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಳ್ಳಬಹುದು, ಅನುವಾದಿಸಬಹುದು. ಅಲ್ಲಿರುವ ಚಿತ್ರಗಳನ್ನೋ ತಾವೇ ಬರೆದ ಚಿತ್ರಗಳನ್ನೋ ಬಳಸಿ ಹೊಸ ಪುಸ್ತಕ ಕಟ್ಟಬಹುದು. ಮುಕ್ತ ಪರವಾನಗಿ ಇರುವುದರಿಂದ ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮೂಲ ಲೇಖಕರ, ಚಿತ್ರಕಾರರ ಹೆಸರು ಹೇಳಿದರೆ ಸಾಕು. ಗೂಗಲ್‌ನಿಂದ ಚಿತ್ರ ಕದ್ದು ಅಂಟಿಸುವ ಅಭ್ಯಾಸದಿಂದ ಮಕ್ಕಳನ್ನು ಬಿಡಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಾಣುವುದಿಲ್ಲ.

ನನಗೆ ಹೆಚ್ಚು ಆಸೆ ಹುಟ್ಟಿಸುವುದು ಅನುವಾದ. ಕೋಲಾರ, ಬಳ್ಳಾರಿಯ ತರಗತಿಗಳಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳಿದ್ದಾರೆ. ಬೀದರ್‌ನಲ್ಲಿ ಮರಾಠಿ, ಉರ್ದು ಆಡುವವರಿದ್ದಾರೆ. ಕನ್ನಡದಲ್ಲಿ ತಡವರಿಸುತ್ತಾರೆಂದು ಹಿಂದಿನ ಬೆಂಚಿಗೆ ಸರಿದ ಇಂಥ ಮಕ್ಕಳೇ ಎರಡು ಭಾಷೆ ಬಲ್ಲವರು. ಕನ್ನಡ ಕಥೆಯೊಂದನ್ನು ಮನೆಮಾತಿಗೆ ತರುವ ತಂಡದಲ್ಲಿ ಅವರೇ ಮುಂದಾಳು. ಅಜ್ಜಿಗೆ ಓದಿ ಹೇಳಿ, ಆಕೆ ತಿದ್ದಿದ ಮಾತನ್ನು ಮರುದಿನ ತರಗತಿಗೆ ತಂದರೆ ಆ ಪ್ರಾಜೆಕ್ಟಿಗೆ ಮನೆಯವರು ನೆರವಾದದ್ದೂ ಸಾರ್ಥಕ.

ಕನ್ನಡದಲ್ಲಿ ಟೈಪ್ ಮಾಡುವುದು ಕಷ್ಟ ಎಂದು ಕೆಲವು ಶಿಕ್ಷಕರು ಹಿಂದೆಗೆಯುತ್ತಾರೆ. ಆ ಕಷ್ಟದಲ್ಲೇ ಕಲಿಕೆಯಿದೆ. ‘ಸ್ತ್ರೀ’ ಎಂದು ಕೀಲಿಮಣೆಯಲ್ಲಿ ಮೂಡಿಸಬೇಕಾದರೆ ಸ, ತ, ರ ಯಾವ ಕ್ರಮದಲ್ಲಿ ಕೂಡುತ್ತವೆ, ದೀರ್ಘ ಎಲ್ಲಿ ಬರುತ್ತದೆ ಎಂದು ಮಗು ಯೋಚಿಸಲೇಬೇಕು. ನೋಡಿ ನಕಲು ಮಾಡುವಾಗ ಕಣ್ತಪ್ಪುವ ಒತ್ತಕ್ಷರ ಇಲ್ಲಿ ತಪ್ಪಿಸಿಕೊಳ್ಳುವುದಿಲ್ಲ.

ಇಂಟರ್ನೆಟ್ ಇಲ್ಲದ ಶಾಲೆಗೂ ದಾರಿಯಿದೆ. ಅಮೆರಿಕದ ಎಂಐಟಿ 2007ರಲ್ಲಿ ಹೊರತಂದ ‘ಸ್ಕ್ರ್ಯಾಚ್’ ತಂತ್ರಾಂಶವನ್ನು ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಬಳಸಬಹುದು. ಬಣ್ಣದ ತುಂಡುಗಳನ್ನು ಜೋಡಿಸಿ ಜಲಚಕ್ರವನ್ನೋ ಊರಿನ ಕೆರೆಯ ಕಥೆಯನ್ನೋ ಚಲಿಸುವ ಚಿತ್ರವಾಗಿಸಬಹುದು. ಕಂಪ್ಯೂಟರ್ ಒಂದೇ ಇದ್ದರೂ ಅಡ್ಡಿಯಿಲ್ಲ. ಬರೆಯುವುದು, ಚಿತ್ರ ಬಿಡಿಸುವುದು ಎಲ್ಲ ಮೊದಲು ಕಾಗದದ ಮೇಲೆ ಮುಗಿಯಲಿ. ಪರದೆಯ ಮುಂದೆ ತಂಡಗಳು ಸರದಿಯಲ್ಲಿ ಕೂರಲಿ.

ಒಂದು ಎಚ್ಚರ ಮಾತ್ರ ಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಕೇಳುತ್ತದೆ. ಮಕ್ಕಳ ಫೋಟೊ, ಪೂರ್ತಿ ಹೆಸರು, ಫೋನ್ ನಂಬರ್ ಜಾಲಕ್ಕೆ ಹೋಗದಿರಲಿ. ಶಿಕ್ಷಕರ ಖಾತೆಯಿಂದ ‘ಏಳನೇ ತರಗತಿಯ ಮಕ್ಕಳು’ ಎಂದು ಪ್ರಕಟಿಸಿದರೂ ಅವರ ಹೆಮ್ಮೆಗೆ ಕುಂದಿಲ್ಲ.

ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟು: ಈ ವರ್ಷ ಒಂದು ಎಫ್‌ಎ ಚಟುವಟಿಕೆಯನ್ನಾದರೂ ಮನೆಗೆ ಕಳಿಸಬೇಡಿ. ತರಗತಿಯಲ್ಲೇ, ನಿಮ್ಮ ಕಣ್ಣೆದುರೇ, ಮಕ್ಕಳ ಕೈಯಿಂದಲೇ ಒಂದು ಪುಸ್ತಕ ಮಾಡಿಸಿ. ಅಕ್ಷರ ತಪ್ಪಿದ್ದರೂ ಚಿತ್ರ ಸೊಟ್ಟಗಿದ್ದರೂ ಅದಕ್ಕೇ ಅಂಕ ಕೊಡಿ.