ಮುಳ್ಳಿನ ಮೊನೆಯಲ್ಲಿ ಸಂಗೀತ

ನಮ್ಮ ತಂದೆಯವರು ಬಿಟ್ಟುಹೋದ ವಸ್ತುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಭೀಮಸೇನ ಜೋಶಿಯವರ ಒಂದು ಲಾಂಗ್ ಪ್ಲೇ ರೆಕಾರ್ಡು. ಅದನ್ನು ಕೆಡಿಸಿದವನು ನಾನೇ. ಬೀಳಿಸಲಿಲ್ಲ, ಗೀಚಲಿಲ್ಲ, ಕೇಳಿದೆ, ಅಷ್ಟೆ. ಹಳೆಯ ಯಂತ್ರದ ಸವೆದ ಮುಳ್ಳನ್ನು ಬದಲಿಸದೆ ಒಂದು ಮಳೆಗಾಲವೆಲ್ಲ ಪ್ರತಿ ಸಂಜೆಯೂ ಕೇಳಿದೆ. ಮೊದಲು ತಂಬೂರಿಯ ಝೇಂಕಾರ ಮಂಕಾಯಿತು. ಬಳಿಕ ತಾರಸ್ಥಾಯಿಯಲ್ಲಿ ಆ ಮಹಾಕಂಠವೇ ಒಡೆದಂತೆ ಕೇಳತೊಡಗಿತು. ಹೊಸ ಮುಳ್ಳನ್ನು ತಂದು ಹಾಕಿದರೂ ಒಡಕು ಹೋಗಲಿಲ್ಲ. ಗಾಯವಾದದ್ದು ಹಾಡಿಗೇ ಎಂಬುದು ಆಗ ಅರಿವಾಯಿತು.

ಇಪ್ಪತ್ತು ನಿಮಿಷ ಹಾಡುವ ತಟ್ಟೆಯ ಒಂದು ಮುಖದಲ್ಲಿರುವ ಸುರುಳಿಗೆರೆಯನ್ನು ಬಿಚ್ಚಿ ಚಾಚಿದರೆ ಅದು 400 ಮೀಟರಿಗೂ ಮಿಗಿಲಾಗುತ್ತದೆ. ಈ ಕಿರುಗಾಲುವೆಯ ಎರಡು ಗೋಡೆಗಳ ಏರಿಳಿತಗಳೇ ಸಂಗೀತ. ಅವನ್ನು ಸವರುತ್ತ ಸಾಗುವ ವಜ್ರದ ಮೊನೆಯ ತ್ರಿಜ್ಯ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು. ಮುಳ್ಳು ಸವೆದರೆ ಮೊಂಡಾಗುತ್ತದೆಂದು ನಾವು ಭಾವಿಸುತ್ತೇವೆ. ನಿಜವಾಗಿ ಅದು ಹರಿತವಾಗುತ್ತದೆ! ದುಂಡಗಿದ್ದ ಮೊನೆಯ ಎರಡು ಪಕ್ಕಗಳೂ ಚಪ್ಪಟೆಯಾಗಿ, ಅಂಚುಗಳು ಬಡಗಿಯ ಉಳಿಯಂತಾಗಿ, ಗೋಡೆಯ ಸೂಕ್ಷ್ಮವಾದ ಅಲೆಗಳನ್ನು ಕೆತ್ತಿಹಾಕುತ್ತವೆ. ಎತ್ತರದ ನಾದಗಳೇ ಮೊದಲು ಅಳಿಯುವುದು ಇದರಿಂದ.

ನಮ್ಮ ಅಜ್ಜನ ಕಾಲದವರು ಈ ವಿಷಯದಲ್ಲಿ ನಮಗಿಂತ ಜಾಣರು. 78 ಸುತ್ತಿನ ಅರಗಿನ ತಟ್ಟೆಗೆ ಉಕ್ಕಿನ ಮುಳ್ಳು. ಒಂದು ಮುಖ ಮುಗಿದರೆ ಮುಳ್ಳನ್ನು ಎಸೆಯುವುದು ವಾಡಿಕೆ. ಅಜ್ಜನ ಪೆಟ್ಟಿಗೆಯಲ್ಲಿದ್ದ ಮಲ್ಲಿಕಾರ್ಜುನ ಮನ್ಸೂರರ ಅಂಥದೊಂದು ತಟ್ಟೆಯನ್ನು ನಾನು ಲಾಂಗ್ ಪ್ಲೇ ಮುಳ್ಳಿನಿಂದ ನುಡಿಸಿ, ಬರಿಯ ಕರಕರ ಸದ್ದನ್ನು ಕೇಳಿ ನಿರಾಶನಾಗಿದ್ದೆ. ದೋಷ ತಟ್ಟೆಯದಲ್ಲ. 1948ರಲ್ಲಿ ಬಂದ ಲಾಂಗ್ ಪ್ಲೇಯ ಗೆರೆ ಬಹಳ ಕಿರಿದು. ಅದರ ಮುಳ್ಳು ಹಳೆಯ ಅಗಲವಾದ ಗೆರೆಯ ತಳಕ್ಕಿಳಿದು ಕಸವನ್ನಷ್ಟೇ ಕೆದಕುತ್ತದೆ. ಸುಮಾರು ನಾಲ್ಕು ಪಟ್ಟು ದಪ್ಪದ ಮೊನೆಯನ್ನು ಹಾಕಿದೊಡನೆ, ಮಂಜು ಸರಿದಂತೆ, ಮನ್ಸೂರರ ದನಿ ಎದ್ದು ಬಂತು.

ಮುಳ್ಳಿನ ನಡುಕವನ್ನು ವಿದ್ಯುತ್ತಾಗಿ ಮಾರ್ಪಡಿಸುವುದು ಕಾರ್ಟ್ರಿಜ್. ಹಿಂದಿನ ಅಗ್ಗದ ಯಂತ್ರಗಳಲ್ಲಿ ಲವಣದ ಹರಳಿನ ಕಾರ್ಟ್ರಿಜ್ ಇರುತ್ತಿತ್ತು. ತೇವವೂ ಸೆಕೆಯೂ ಅದಕ್ಕೆ ಶತ್ರುಗಳು. ಭಾರವೋ ಐದು ಗ್ರಾಮಿಗೂ ಹೆಚ್ಚು. ಅಯಸ್ಕಾಂತದ ಕಾರ್ಟ್ರಿಜ್‌ನಲ್ಲಿ ಮುಳ್ಳಿನ ಕಡ್ಡಿಯ ಇನ್ನೊಂದು ತುದಿಗೆ ಪುಟ್ಟ ಅಯಸ್ಕಾಂತವಿದ್ದು, ತಂತಿಸುರುಳಿಗಳ ಬಳಿ ಅಲುಗಾಡುತ್ತದೆ. ಇದಕ್ಕೆ ಸಾಮಾನ್ಯವಾಗಿ ಎರಡು ಗ್ರಾಮಿನ ಆಸುಪಾಸಿನ ಭಾರ ಸಾಕು. ಹಾಗೆಂದು ಭಾರವನ್ನು ಇನ್ನೂ ಇಳಿಸಿದರೆ ತಟ್ಟೆಗೆ ಉಪಕಾರವಾಗದು; ಮೊನೆ ಗೋಡೆಯಿಂದ ಗೋಡೆಗೆ ನೆಗೆದು ಬಡಿಯುತ್ತದೆ. ತಯಾರಕರು ಹೇಳಿದ ಭಾರವನ್ನು ತಕ್ಕಡಿಯಿಂದ ಅಳೆದು ಇಡುವುದೇ ಕ್ಷೇಮ.

ಇನ್ನೊಂದು ಸ್ವಾರಸ್ಯ. ತಟ್ಟೆಯ ಹೊರ ಅಂಚಿನಲ್ಲಿ ಗೆರೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡಿದರೆ, ಒಳತುದಿಯಲ್ಲಿ ಓಟ ಅದರ ಅರ್ಧಕ್ಕೂ ಕಡಮೆ. ಅಲ್ಲಿ ಅಲೆಗಳು ಇಕ್ಕಟ್ಟಾಗಿ, ದುಂಡು ಮೊನೆ ಅವುಗಳ ಸಂದಿಗೆ ಇಳಿಯಲಾರದು. ದೈವದ ವ್ಯಂಗ್ಯವೆಂಬಂತೆ, ಹಿಂದೂಸ್ತಾನಿ ಗಾಯಕರ ದ್ರುತ ತಾನುಗಳು ಸಾಮಾನ್ಯವಾಗಿ ಬರುವುದು ಅಲ್ಲಿಯೇ! ಅಂಡಾಕಾರದ ಮೊನೆಗೆ ಹೆಚ್ಚು ಬೆಲೆ ತೆರುವುದು ಇದಕ್ಕಾಗಿ.

ಉತ್ತಮ ವಜ್ರದ ಮೊನೆ 500ರಿಂದ 1000 ಗಂಟೆ ಬಾಳಬಹುದು. ನೀಲಮಣಿಯ ಆಯುಷ್ಯ ಅದಕ್ಕಿಂತ ಬಹಳ ಕಡಮೆ. ಧೂಳು ಎರಡರ ಆಯುಷ್ಯವನ್ನೂ ತಿನ್ನುತ್ತದೆ. ಆದುದರಿಂದ ನನ್ನ ಯಂತ್ರದ ಪಕ್ಕದಲ್ಲಿ ಈಗ ಒಂದು ಕುಂಚವೂ, ಗಂಟೆಗಳನ್ನು ಬರೆದಿಡುವ ಪುಸ್ತಕವೂ ಇವೆ. ತಂದೆಯವರ ರೆಕಾರ್ಡನ್ನು ಎಸೆದಿಲ್ಲ. ಅವರ ಪುಣ್ಯದಿನದಂದು ಅದನ್ನು ಒಮ್ಮೆ ಹಾಕುತ್ತೇನೆ. ಒಡಕನ್ನು ಕೇಳಿದ ನನ್ನ ಮಗಳು, "ಅಜ್ಜನ ಕಾಲದಲ್ಲೂ ಹೀಗೆಯೇ ಇತ್ತೇ?" ಎಂದು ಕೇಳಿದಳು. ಇರಲಿಲ್ಲವೆಂದು ಹೇಳಬೇಕಾಯಿತು.