ಒಂಟಿ ಹಳಿಯ ಗಣಿತ

ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಬೆಂಗಳೂರಿಗೆ ರೈಲು ಹಿಡಿಯುವವರು ಪದೇ ಪದೇ ಎತ್ತುವ ಪ್ರಶ್ನೆಯೊಂದಿದೆ. ಕರೆಂಟಿನ ತಂತಿ ಬಂತು, ಅದರಲ್ಲಿ ಓಡುವ, ಬೇಗ ವೇಗ ಹಿಡಿಯುವ ಮೆಮು ಗಾಡಿಯೂ ಬಂತು, ಆದರೂ ನಡುವೆ ಯಾವುದೋ ಸ್ಟೇಷನ್ನಿನಲ್ಲಿ ಗಾಡಿ ಸುಮ್ಮನೆ ನಿಲ್ಲುವುದೇಕೆ? ಇನ್ನೂ ಜೋರಾಗಿ ಓಡುವ ಗಾಡಿ ತಂದರೆ ಸರಿಹೋಗದೆ? ಸರಿಹೋಗದು. ಈ ದಾರಿಯಲ್ಲಿ ಕೊರತೆ ಇರುವುದು ವೇಗಕ್ಕಲ್ಲ, ಎದುರು ಗಾಡಿಗೆ ದಾರಿ ಬಿಡುವ ಜಾಗಕ್ಕೆ. ಯಲಹಂಕದಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಹಾದು ಕೋಲಾರಕ್ಕೆ ಹೋಗುವುದು ಒಂಟಿ ಮಾರ್ಗ. ಮೊದಲು ಇಲ್ಲಿದ್ದದ್ದು 762 ಮಿಲಿಮೀಟರ್ ಅಗಲದ ನ್ಯಾರೋಗೇಜ್ ಹಳಿ. ಚಿಕ್ಕಬಳ್ಳಾಪುರ–ಕೋಲಾರದ ನಡುವೆ ಬ್ರಾಡ್‌ಗೇಜ್ ಓಡಾಟ ಶುರುವಾದದ್ದು 2013ರಲ್ಲಿ. ಹಳಿಯ ಅಗಲ ಎರಡು ಪಟ್ಟಿಗಿಂತ ಹೆಚ್ಚಾಯಿತು, ಮಾರ್ಗ ಮಾತ್ರ ಒಂದೇ ಉಳಿಯಿತು. ಅದೇ ಜಿಲ್ಲೆಯ ಗೌರಿಬಿದನೂರನ್ನು ನೋಡಿ. ಯಲಹಂಕದಿಂದ ಪೆನುಕೊಂಡದವರೆಗೆ ಜೋಡಿ ಮಾರ್ಗವಾದ್ದರಿಂದ ಅಲ್ಲಿ ಹೋಗುವ ಗಾಡಿಗೆ ಬರುವ ಗಾಡಿಯ ಹಂಗಿಲ್ಲ.

ಒಂಟಿ ಹಳಿಯಲ್ಲಿ ಎರಡು ಗಾಡಿ ಮುಖಾಮುಖಿಯಾಗದಂತೆ ತಡೆಯಲು ಹಿಂದೆ ಬಳಸುತ್ತಿದ್ದ ಸಾಧನ ನನ್ನ ಮಟ್ಟಿಗೆ ರೈಲ್ವೆಯ ಅತಿ ಚೆಂದದ ಯಂತ್ರ. ಅದರ ಹೆಸರು ನೀಲ್ಸ್ ಬಾಲ್ ಟೋಕನ್. ಅಕ್ಕಪಕ್ಕದ ಎರಡು ಸ್ಟೇಷನ್‌ಗಳಲ್ಲಿ ಒಂದೊಂದು ಪೆಟ್ಟಿಗೆ, ನಡುವೆ ತಂತಿಯ ಸಂಪರ್ಕ, ಒಳಗೆ ಉಕ್ಕಿನ ಗುಂಡುಗಳು. ಡ್ರೈವರನ ಕೈಗೆ ಗುಂಡು ಸೇರದೆ ಗಾಡಿ ಹೊರಡುವಂತಿಲ್ಲ. ಆಚೆ ಸ್ಟೇಷನ್ನಿನ ಮಾಸ್ತರರು ಒಪ್ಪಿಗೆ ಕೊಟ್ಟರಷ್ಟೇ ಈಚೆಯವರಿಗೆ ಗುಂಡು ಸಿಗುತ್ತದೆ. ಒಂದು ಗುಂಡು ಹೊರಗೆ ಬಂತೆಂದರೆ, ಅದು ಎರಡರಲ್ಲಿ ಒಂದು ಪೆಟ್ಟಿಗೆಗೆ ಮರಳಿ ಬೀಳುವವರೆಗೆ ಇನ್ನೊಂದು ಗುಂಡು ಯಾವ ತುದಿಯಲ್ಲೂ ಹೊರಬರುವುದಿಲ್ಲ. ಎರಡೂ ಕಡೆಯವರು ಒಟ್ಟಿಗೆ ಮೈಮರೆತರೂ ಯಂತ್ರ ಬಗ್ಗುವುದಿಲ್ಲ. ಪಕ್ಕದ ವಿಭಾಗದ ಗುಂಡನ್ನು ತಂದು ತುರುಕೋಣವೆಂದರೆ ಅದು ಈ ಪೆಟ್ಟಿಗೆಗೆ ಹೊಂದುವುದೂ ಇಲ್ಲ. ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ದೊಡ್ಡ ಬಳೆಗೆ ಕಟ್ಟಿ, ಪ್ಲಾಟ್‌ಫಾರಂನಲ್ಲಿ ನಿಂತವರು ಎತ್ತಿ ಹಿಡಿದರೆ, ನಿಲ್ಲದೆ ಸಾಗುವ ಎಂಜಿನ್ನಿನವರು ಅದರೊಳಗೆ ತೋಳು ತೂರಿಸಿ ಎಳೆದುಕೊಳ್ಳುತ್ತಿದ್ದರು. ಈಗ ಆ ಜಾಗಕ್ಕೆ ಚಕ್ರದ ಅಚ್ಚುಗಳನ್ನು ಎಣಿಸುವ ಯಂತ್ರಗಳು ಬಂದಿವೆ. ಒಳಹೋದಷ್ಟೂ ಹೊರಬಂದರೆ ಮಾರ್ಗ ಖಾಲಿ ಎಂದರ್ಥ. ಸಾಧನ ಬದಲಾದರೂ ನಿಯಮ ಬದಲಾಗಿಲ್ಲ. ಎದುರು ಗಾಡಿಗೆ ದಾರಿ ಬಿಡುವ ಎರಡು ಕ್ರಾಸಿಂಗ್ ಸ್ಟೇಷನ್‌ಗಳ ನಡುವಿನ ವಿಭಾಗಕ್ಕೆ ಗಾಡಿಯೊಂದು ಹೊಕ್ಕಿರುವಾಗ ಎದುರಿನ ಗಾಡಿಗೆ ಪ್ರವೇಶವಿಲ್ಲ.

ಹಾಗಾದರೆ ಒಂಟಿ ಮಾರ್ಗದಲ್ಲಿ ದಿನಕ್ಕೆ ಎಷ್ಟು ಗಾಡಿ ಓಡಿಸಬಹುದು? ಭಾರತೀಯ ರೈಲ್ವೆ ಬಳಸುವ ಸ್ಕಾಟ್ ಸೂತ್ರ ಇದಕ್ಕೆ ಅಂದಾಜು ಕೊಡುತ್ತದೆ. ದಿನದ 1440 ನಿಮಿಷಗಳನ್ನು, ಅತಿ ಉದ್ದದ ವಿಭಾಗ ದಾಟುವ ಸಮಯ ಮತ್ತು ಒಪ್ಪಿಗೆ ಪಡೆಯುವ ಸಮಯದ ಮೊತ್ತದಿಂದ ಭಾಗಿಸಿ, ಬಂದದ್ದರಲ್ಲಿ ನೂರಕ್ಕೆ 70 ಪಾಲನ್ನು ಮಾತ್ರ ನಂಬಬೇಕು. ಲೆಕ್ಕಕ್ಕಾಗಿ 15 ಕಿಲೋಮೀಟರಿನ ವಿಭಾಗವೊಂದನ್ನು ಇಟ್ಟುಕೊಳ್ಳಿ. ಗಂಟೆಗೆ 45 ಕಿಲೋಮೀಟರಿನಂತೆ ದಾಟಲು 20 ನಿಮಿಷ, ಒಪ್ಪಿಗೆಗೆ 5. ಎರಡೂ ದಿಕ್ಕು ಸೇರಿ ಸುಮಾರು 40 ಗಾಡಿ. ವೇಗವನ್ನು 60ಕ್ಕೆ ಏರಿಸಿದರೆ 50 ಆದೀತು. ವೇಗ ಮುಟ್ಟದೆ, ವಿಭಾಗದ ನಟ್ಟನಡುವೆ, ಗಾಡಿ ಬದಿಗೆ ಸರಿದು ನಿಲ್ಲುವ ಲೂಪ್ ಲೈನ್ ಇರುವ ಒಂದು ಸ್ಟೇಷನ್ ಕಟ್ಟಿದರೆ? ಹತ್ತಿರ ಹತ್ತಿರ 67! ಒಂದು ಗಾಡಿಯಷ್ಟೇ ಉದ್ದದ ಹೆಚ್ಚುವರಿ ಹಳಿ ವೇಗವನ್ನು ಸೋಲಿಸಿಬಿಟ್ಟಿತು. ಹಾಗೆಂದು ಲೂಪ್ ಇಲ್ಲದ ಹಾಲ್ಟ್‌ಗಳನ್ನು ಎಷ್ಟು ಹೆಚ್ಚಿಸಿದರೂ ಈ ಲಾಭವಿಲ್ಲ. ಹತ್ತಿಳಿಯುವವರಿಗೆ ಅನುಕೂಲವಾದೀತು, ವಿಭಾಗ ದಾಟುವ ಹೊತ್ತು ಮಾತ್ರ ಇನ್ನಷ್ಟು ಹಿಗ್ಗುತ್ತದೆ.

ಲೂಪ್ ಎಲ್ಲಿರಬೇಕು ಎಂಬುದಕ್ಕೂ ಸೊಗಸಾದ ಉತ್ತರವಿದೆ. ಎರಡೂ ತುದಿಯಿಂದ ಒಂದೇ ಹೊತ್ತಿಗೆ ಗಂಟೆಗೊಂದು ಗಾಡಿ ಹೊರಡುತ್ತದೆ ಎಂದುಕೊಳ್ಳಿ. ಚಲಿಸುವ ಗಾಡಿಯಲ್ಲಿ ಕೂತವರಿಗೆ ಎದುರು ಗಾಡಿ ಸಿಗುವುದು ಗಂಟೆಗೊಮ್ಮೆ ಅಲ್ಲ, ಅರ್ಧ ಗಂಟೆಗೊಮ್ಮೆ, ಏಕೆಂದರೆ ಎರಡೂ ಪರಸ್ಪರ ಹತ್ತಿರವಾಗುತ್ತಿರುತ್ತವೆ. ಯಲಹಂಕ–ಚಿಕ್ಕಬಳ್ಳಾಪುರದ ದಾರಿ ಒಂದು ಗಂಟೆಯದಾದರೆ ಭೇಟಿಗಳು ಎರಡು ತುದಿಗಳಲ್ಲಿ ಮತ್ತು ಸರಿಯಾಗಿ ಮಧ್ಯದಲ್ಲಿ, ಅಂದರೆ ದೇವನಹಳ್ಳಿಯ ಆಸುಪಾಸಿನಲ್ಲಿ. ಸ್ವಿಟ್ಜರ್ಲೆಂಡಿನವರು 1982ರಿಂದ ದೇಶಕ್ಕೆಲ್ಲ ಇಂಥ ನಿಯತ ವೇಳಾಪಟ್ಟಿ ಮಾಡಿಕೊಂಡು, ಮೊದಲು ವೇಳೆ, ಆಮೇಲೆ ಹಳಿ ಎಂಬ ಕ್ರಮದಲ್ಲಿ ಯೋಚಿಸುತ್ತ ಬಂದಿದ್ದಾರೆ. ನಾವು ಹಳಿ ಹಾಕಿ, ಉಳಿದ ಸಂದಿಯಲ್ಲಿ ಪ್ಯಾಸೆಂಜರ್ ಗಾಡಿಗೆ ವೇಳೆ ಹುಡುಕುತ್ತೇವೆ.

ಇಷ್ಟೆಲ್ಲ ಸರ್ಕಸ್ಸೇಕೆ, ಜೋಡಿ ಮಾರ್ಗವನ್ನೇ ಹಾಕಬಾರದೆ ಎನ್ನಬಹುದು. ಹಾಕಲಿ, ಅದಕ್ಕಿಂತ ಉತ್ತಮ ಪರಿಹಾರವಿಲ್ಲ. ಆದರೆ ಅದಕ್ಕೆ ಉದ್ದಕ್ಕೂ ಜಮೀನು, ಸೇತುವೆ, ತಂತಿ ಎಲ್ಲವೂ ಬೇಕು, ವರ್ಷಗಳು ಹಿಡಿಯುತ್ತವೆ. ಬೆಂಗಳೂರಿನ ಉಪನಗರ ರೈಲು ಯೋಜನೆಯ ‘ಸಂಪಿಗೆ’ ಮಾರ್ಗ ಕೂಡ ಸುಮಾರು 41 ಕಿಲೋಮೀಟರ್ ಬಂದು ದೇವನಹಳ್ಳಿಯಲ್ಲೇ ನಿಲ್ಲುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಒಂಟಿ ಹಳಿಯಲ್ಲಿ ತಡ ಎನ್ನುವುದು ಅಂಟುರೋಗ. ಒಂದು ಗಾಡಿ ಹತ್ತು ನಿಮಿಷ ತಡವಾದರೆ ಎದುರಿನದೂ ತಡ, ಅದಕ್ಕೆ ಕಾಯುವ ಮುಂದಿನದೂ ತಡ. ಇದು ನಿಜ. ಸ್ಕಾಟ್ ಸೂತ್ರ ನೂರರಲ್ಲಿ 30 ಪಾಲನ್ನು ಬಿಟ್ಟುಕೊಡುವುದು ಇಂಥ ಏರುಪೇರಿಗಾಗಿಯೇ. ಮೆಮುವಿನ ಚುರುಕಿಗೆ ತಕ್ಕ ಕೆಲಸ ಸಿಗುವುದೂ ಇಲ್ಲೇ. ವೇಳಾಪಟ್ಟಿಯನ್ನು ಬಿಗಿ ಮಾಡದೆ, ಆ ಚುರುಕಿನಿಂದ ಉಳಿಯುವ ನಿಮಿಷಗಳನ್ನು ಕ್ರಾಸಿಂಗ್‌ಗೆ ಮುಂಚೆ ಮೀಸಲಿಟ್ಟರೆ, ತಡವಾಗಿ ಹೊರಟ ಗಾಡಿಯೂ ಹೊತ್ತಿಗೆ ಸರಿಯಾಗಿ ಲೂಪ್ ಸೇರುತ್ತದೆ.