ನಮ್ಮ ಹಿತ್ತಿಲಿನ ಸರೀಸೃಪಗಳು

ಬಿಡುವಿನ ವೇಳೆಯನ್ನು ಸಾರ್ಥಕಗೊಳಿಸಲು ವಿದ್ಯಾವಂತರು ಕೈಕೊಳ್ಳುವ ಹವ್ಯಾಸಗಳು ಹಲವು. ಕೆಲವರು ಅಂಚೆಯ ಚೀಟಿಗಳನ್ನು ಕೂಡಿಸುವರು; ಕೆಲವರು ಹೂದೋಟದಲ್ಲಿ ಮನಸ್ಸಿಡುವರು; ಹಕ್ಕಿಗಳನ್ನು ನೋಡುತ್ತ ಗದ್ದೆ ಬೈಲುಗಳಲ್ಲಿ ಅಲೆಯುವವರೂ ಉಂಟು. ಆದರೆ ಹಲ್ಲಿ, ಓತಿ, ಹಾವು, ಆಮೆ ಇವುಗಳನ್ನು ಆಸಕ್ತಿಯಿಂದ ಗಮನಿಸುವುದೂ ಒಂದು ಹವ್ಯಾಸವೆಂದರೆ ಕೇಳಿದವರು ಹುಬ್ಬೇರಿಸುವರು. ಸರೀಸೃಪವೆಂಬ ಮಾತಿಗೆ ಹರಿದು ನಡೆಯುವ ಪ್ರಾಣಿಯೆಂದಷ್ಟೇ ಅರ್ಥ. ನಮ್ಮ ಮನಸ್ಸು ಅದಕ್ಕೆ ಭಯವನ್ನೂ ಜುಗುಪ್ಸೆಯನ್ನೂ ತಾನಾಗಿ ಸೇರಿಸಿಕೊಂಡಿದೆ. ಈ ಭಯವನ್ನು ಸ್ವಲ್ಪ ಬದಿಗಿಟ್ಟು, ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲ್ಲೂಕುಗಳ ಉರಗ ಸಂಪತ್ತನ್ನೂ ಅದನ್ನು ನೋಡಿ ತಿಳಿಯುವ ಬಗೆಯನ್ನೂ ಕುರಿತು ವಿಚಾರಮಾಡೋಣ.

ಈ ಹವ್ಯಾಸಕ್ಕೆ ಇದಕ್ಕಿಂತ ಅನುಕೂಲವಾದ ಸೀಮೆಯು ದುರ್ಲಭ. ಪಡುವಣದಲ್ಲಿ ಕಡಲು, ಮೂಡಣದಲ್ಲಿ ಕೊಡಚಾದ್ರಿಯ ಘಟ್ಟಗಳು. ನಡುವೆ ಗದ್ದೆಯ ಬೈಲು, ತೆಂಗು ಕಂಗಿನ ತೋಟ, ಹಾಡಿ, ಮುರಕಲ್ಲಿನ ಹಕ್ಕಲು. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ನದಿಗಳು ಗಂಗೊಳ್ಳಿಯ ಅಳಿವೆಯಲ್ಲಿ ಒಂದಾಗಿ ಕಡಲನ್ನು ಸೇರುವುವು. ಕೊಲ್ಲೂರಿನ ಸುತ್ತಣ ಕಾಡು ೧೯೭೪ರಲ್ಲಿಯೇ ಮೂಕಾಂಬಿಕಾ ವನ್ಯಧಾಮವಾಯಿತು. ಆದುದರಿಂದ ಉಪ್ಪುನೀರಿನ ಕಡಲಹಾವಿನಿಂದ ಹಿಡಿದು ಮಳೆಕಾಡಿನ ಕಾಳಿಂಗಸರ್ಪದವರೆಗೆ ಬಗೆಬಗೆಯ ಉರಗಗಳು ಒಂದು ದಿನದ ಪ್ರಯಾಣದೊಳಗಿನ ಈ ನೆಲದಲ್ಲಿ ವಾಸವಾಗಿವೆ.

ಸರೀಸೃಪಗಳಲ್ಲಿ ಆಸಕ್ತಿ ಹುಟ್ಟಿದ ಹುಡುಗನು ಮೊದಲು ಕೇಳುವ ಪ್ರಶ್ನೆ, ‘ಇದನ್ನು ಮನೆಯಲ್ಲಿ ಸಾಕಬಹುದೇ?’ ಎಂಬುದು. ವಿದೇಶಗಳಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಹಾವು ಹಲ್ಲಿಗಳನ್ನು ಸಾಕುವವರ ಚಿತ್ರಗಳನ್ನು ನೋಡಿದವರಿಗೆ ಈ ಆಸೆ ಸಹಜವೇ. ಕಾಯಿದೆಯ ಉತ್ತರವು ಸ್ಪಷ್ಟವಾಗಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ೨೦೨೨ರಲ್ಲಿ ಅದಕ್ಕೆ ಆದ ತಿದ್ದುಪಡಿಯೂ ನಮ್ಮ ನಾಗರ, ಕೇರೆ, ಹೆಬ್ಬಾವು, ಕಾಳಿಂಗ, ಉಡ, ಆಮೆ ಇವುಗಳಿಗೆ ರಕ್ಷಣೆ ಕೊಟ್ಟಿವೆ. ಇವನ್ನು ಹಿಡಿಯುವುದೂ ಮನೆಯಲ್ಲಿ ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧವೇ. ಆದರೆ ಕಾಯಿದೆಯ ಭಯವೊಂದೇ ಕಾರಣವಾದರೆ ಹುಡುಗನ ಆಸೆ ಕುಗ್ಗೀತೇ ಹೊರತು ಅವನ ತಿಳಿವಳಿಕೆ ಬೆಳೆಯದು. ಕಾಯಿದೆಗಿಂತ ಹಿರಿದಾದ ಕಾರಣವೊಂದು ಆ ಪ್ರಾಣಿಯ ದೇಹದಲ್ಲಿಯೇ ಇದೆ.

ನಮ್ಮ ಮೈಯ ಬಿಸಿಯನ್ನು ನಾವು ತಿಂದ ಅನ್ನದಿಂದ ಹುಟ್ಟಿಸಿಕೊಳ್ಳುತ್ತೇವೆ. ಸರೀಸೃಪವು ಹಾಗೆ ಮಾಡದು. ಅದು ತನ್ನ ಬಿಸಿಯನ್ನು ಬಿಸಿಲಿನಿಂದಲೂ ಕಾದ ಕಲ್ಲಿನಿಂದಲೂ ಪಡೆಯುವುದು. ಬೆಳಗಿನಲ್ಲಿ ಪಾಗಾರದ ಮೇಲೆ ಮೈಚಾಚಿ ಮಲಗಿ, ಬಿಸಿಲೇರಿದಾಗ ನೆರಳಿಗೆ ಸರಿದು, ಸಂಜೆ ಮತ್ತೆ ಬಿಸಿಯ ನೆಲವನ್ನು ಹುಡುಕುವ ಓತಿಯು ಸೋಮಾರಿಯಲ್ಲ. ತನ್ನ ಮೈಯ ಉಷ್ಣವನ್ನು ಹದದಲ್ಲಿ ಇರಿಸಿಕೊಳ್ಳುವ ಕೆಲಸದಲ್ಲಿ ಅದು ದಿನವಿಡೀ ತೊಡಗಿರುತ್ತದೆ. ಈ ಮಿತವ್ಯಯದ ಫಲವಾಗಿ, ಸುಮ್ಮನಿರುವಾಗ ಅದಕ್ಕೆ ಬೇಕಾಗುವ ಶಕ್ತಿಯು ಅಷ್ಟೇ ತೂಕದ ಇಲಿಗೋ ಅಳಿಲಿಗೋ ಬೇಕಾಗುವುದರ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಎಂದರೆ, ಬಿಸಿಲು, ನೆರಳು, ಕಲ್ಲು, ತೇವ ಇವೆಲ್ಲವೂ ಆ ಪ್ರಾಣಿಯ ಜೀವನದ ಅಂಗಗಳೇ. ಅದನ್ನು ಪೆಟ್ಟಿಗೆಯೊಳಗೆ ಹಾಕಿದೆವೆಂದರೆ ಅರ್ಧ ಪ್ರಾಣಿಯನ್ನು ಹೊರಗೆ ಬಿಟ್ಟು ಬಂದಂತೆಯೇ ಸರಿ. ಒಳಗೆ ಉಳಿದ ಅರ್ಧದಿಂದ ನಾವು ಕಲಿಯುವುದು ಅತ್ಯಲ್ಪ.

ಇದಕ್ಕೆ ನಮ್ಮ ಕಡೆಯ ಒಂದು ಹಳೆಯ ರೂಢಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ನೀರು ಶುದ್ಧವಾಗಿರಲೆಂದು ಮನೆಯ ಬಾವಿಗೆ ಆಮೆಯೊಂದನ್ನು ಬಿಡುವುದು ಕರಾವಳಿಯ ಕೆಲವು ಮನೆಗಳಲ್ಲಿ ಇದ್ದಿತು. ಉದ್ದೇಶವು ಒಳ್ಳೆಯದೇ. ಆದರೆ ಹೊಳೆ ಕೆರೆಗಳ ಆಮೆಯು ಆಗಾಗ ದಡಕ್ಕೆ ಬಂದು ಬಿಸಿಲು ಕಾಯಿಸಬೇಕು. ಬಿಸಿಲಿನ ನೇರಳಾತೀತ ಕಿರಣಗಳಿಂದ ಅದರ ಚರ್ಮದಲ್ಲಿ ‘ಡಿ’ ಜೀವಸತ್ತ್ವವು ಹುಟ್ಟುವುದು. ಆ ಸತ್ತ್ವವಿಲ್ಲದಿದ್ದರೆ ಸುಣ್ಣದ ಅಂಶವು ಮೈಗೆ ಹತ್ತದೆ ಚಿಪ್ಪು ಮೆತ್ತಗಾಗುವುದು. ಆಳವಾದ ಬಾವಿಯಲ್ಲಿ ದಡವೂ ಇಲ್ಲ, ಬಿಸಿಲೂ ಇಲ್ಲ. ಬಣ್ಣದ ಪ್ಲಾಸ್ಟಿಕ್ ತೊಟ್ಟಿಯಲ್ಲಿ, ದೀಪದ ಕೆಳಗೆ ಇಟ್ಟ ಆಮೆಮರಿಯ ಪಾಡೂ ಇದಕ್ಕಿಂತ ಬೇರೆಯಲ್ಲ.

ಹಾಗಾದರೆ ಹವ್ಯಾಸಿಯು ಮಾಡಬೇಕಾದುದೇನು? ಪ್ರಾಣಿಯನ್ನು ತನ್ನ ಬಳಿಗೆ ತರುವುದಕ್ಕೆ ಬದಲಾಗಿ ತಾನೇ ಅದರ ಬಳಿಗೆ ಹೋಗಬೇಕು; ಅದೂ ದೂರ ಹೋಗಬೇಕಾಗಿಲ್ಲ. ಮೊದಲ ಪಾಠವು ಜಗಲಿಯ ದೀಪದ ಬಳಿಯ ಹಲ್ಲಿಯಿಂದ ಆಗಬಹುದು. ನಮ್ಮ ಪಂಚಾಂಗಗಳು ಹಲ್ಲಿ ಮೈಮೇಲೆ ಬಿದ್ದರೆ ಆಗುವ ಫಲವನ್ನು ಅಂಗಾಂಗವಾಗಿ ವಿವರಿಸುವುವು; ಹಲ್ಲಿ ಏಕೆ ಬೀಳುವುದಿಲ್ಲವೆಂಬುದು ಅದಕ್ಕಿಂತ ಸ್ವಾರಸ್ಯದ ಪ್ರಶ್ನೆ. ಅದರ ಬೆರಳುಗಳ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಲಕ್ಷಾಂತರ ರೋಮಗಳುಂಟು. ಅವು ಗೋಡೆಗೆ ಅತಿ ಸಮೀಪವಾಗಿ ಒತ್ತಿದಾಗ ಅಣುಗಳ ನಡುವಣ ಆಕರ್ಷಣೆಯೇ ಹಲ್ಲಿಯನ್ನು ಹಿಡಿದಿಡುವುದು, ಅಂಟಿಲ್ಲ, ಮಾಯೆಯಿಲ್ಲ. ಬಾಲ ಕಳೆದುಕೊಂಡು ಮತ್ತೆ ಬೆಳೆಸಿಕೊಂಡ ಹಲ್ಲಿಯೊಂದನ್ನು ಗುರುತಿಟ್ಟುಕೊಂಡು ಹದಿನೈದು ದಿನ ನೋಡಿರಿ: ದೀಪದ ಸುತ್ತ ಯಾವ ಸ್ಥಳವು ಯಾರದೆಂಬ ವ್ಯವಹಾರವು ನಿಮಗೆ ತಿಳಿಯತೊಡಗುವುದು.

ಎರಡನೆಯ ಪಾಠ ಬೇಲಿಯ ಓತಿಯದು. ಸಂತಾನ ಕಾಲದಲ್ಲಿ ಗಂಡು ಓತಿಯ ತಲೆಯೂ ಭುಜವೂ ಕೆಂಪೇರುವುವು. ಎತ್ತರದ ಗೂಟವೊಂದನ್ನು ಹತ್ತಿ ಅದು ಮುಂಗಾಲುಗಳ ಮೇಲೆ ಮೈಯನ್ನು ಎತ್ತಿ ಇಳಿಸಿ ದಂಡ ಹೊಡೆಯುವುದು. ಮಕ್ಕಳು ಇದನ್ನು ಕಂಡು ರಕ್ತ ಹೀರುತ್ತಿದೆಯೆಂದು ಹೆದರಿ ಕಲ್ಲೆಸೆಯುವುದುಂಟು. ಅದು ಹೀರುವುದು ಯಾರ ರಕ್ತವನ್ನೂ ಅಲ್ಲ. ನೆರೆಯ ಗಂಡಿಗೆ ‘ಇದು ನನ್ನ ಮೇರೆ’ ಎಂದು ಸಾರುತ್ತಿದೆ, ಅಷ್ಟೆ. ಇನ್ನು ಘಟ್ಟದ ಬುಡದ ಅಡಕೆ ತೋಟಗಳಲ್ಲಿ ಇದರ ದಾಯಾದಿಯಾದ ಹಾರುವ ಓತಿಯನ್ನು ಕಾಣಬಹುದು. ಪಕ್ಕೆಲುಬುಗಳು ಹೊರಕ್ಕೆ ಉದ್ದವಾಗಿ ಬೆಳೆದು ತೊಗಲಿನ ಕೊಡೆಯಂತೆ ಬಿಚ್ಚಿಕೊಳ್ಳುವುವು. ಒಂದು ಮರದ ಮೇಲಿನಿಂದ ಜಾರಿ ಮುಂದಿನ ಮರದ ಬುಡದ ಕಡೆಗೆ ಇಳಿದು ಮತ್ತೆ ಮೇಲೇರುವುದು. ಗಂಡಿನ ಗಂಟಲಿನ ಹಳದಿಯ ಪಟಲವು ಕ್ಷಣಕ್ಷಣಕ್ಕೆ ಬಾವುಟದಂತೆ ಬಿಚ್ಚುವುದು. ಅದರ ಮುಖ್ಯ ಆಹಾರ ಇರುವೆಗಳು. ಪೂರ್ಣಚಂದ್ರ ತೇಜಸ್ವಿಯವರು ೧೯೮೦ರ ತಮ್ಮ ‘ಕರ್ವಾಲೊ’ ಕಾದಂಬರಿಯಲ್ಲಿ ಹಾರುವ ಓತಿಯನ್ನು ಕನ್ನಡ ಓದುಗರೆಲ್ಲರಿಗೂ ಪರಿಚಯಿಸಿದರು. ಕಣ್ಣಾರೆ ನೋಡಿದವರ ಸಂಖ್ಯೆ ಮಾತ್ರ ಇನ್ನೂ ಕಡಮೆ.

ಹಾವುಗಳ ವಿಷಯದಲ್ಲಿ ನೋಟಕ್ಕಿಂತ ನಂಬಿಕೆಯು ಮುಂದಾಗುವುದು. ಎರಡು ಹಾವುಗಳು ಹೆಣೆದುಕೊಂಡು ಮೇಲಕ್ಕೇಳುವುದನ್ನು ಕಂಡವರು ನಾಗರವೂ ಕೇರೆಯೂ ಕೂಡುತ್ತಿವೆಯೆನ್ನುವರು. ಆದರೆ ಆ ನೋಟವು ಬಹುಮಟ್ಟಿಗೆ ಎರಡು ಗಂಡು ಕೇರೆಗಳ ಕುಸ್ತಿ, ಒಂದರ ತಲೆಯನ್ನು ಇನ್ನೊಂದು ನೆಲಕ್ಕೊತ್ತಲು ಯತ್ನಿಸುವುದು, ಸೋತುದು ಹೊರಟುಹೋಗುವುದು. ವಿಷವಿಲ್ಲದ ಈ ಕೇರೆಯು ಗದ್ದೆಯ ಇಲಿಗಳನ್ನು ತಿಂದು ರೈತನ ಧಾನ್ಯವನ್ನು ಉಳಿಸುವುದು. ಹೂವಿನ ಕುಂಡದ ಮಣ್ಣಿನಲ್ಲಿ ಎರೆಹುಳುವಿನಂತೆ ಹೊಳೆಯುವ ಕುರುಡುಹಾವು ಇನ್ನೊಂದು ವಿಚಿತ್ರ. ಇದರಲ್ಲಿ ಗಂಡೇ ಇಲ್ಲ. ಹೆಣ್ಣೊಂದೇ ಮೊಟ್ಟೆಯಿಟ್ಟು ವಂಶವನ್ನು ಬೆಳೆಸುವುದು. ಕುಂಡಗಳೊಡನೆ ಹಡಗನ್ನೇರಿ ಇದು ಲೋಕದ ಬೆಚ್ಚಗಿನ ದೇಶಗಳಿಗೆಲ್ಲ ಹರಡಿಕೊಂಡಿದೆ.

ಇಲ್ಲಿ ಒಂದು ಗಂಭೀರವಾದ ಮಾತನ್ನು ಹೇಳದಿರಲಾಗದು. ೨೦೦೦ದಿಂದ ೨೦೧೯ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು ೧೨ ಲಕ್ಷವೆಂದು ಅಂದಾಜು ಮಾಡಲಾಗಿದೆ, ವರ್ಷಕ್ಕೆ ೫೮,೦೦೦. ಹೆಚ್ಚಿನವರು ಹಳ್ಳಿಯ ದುಡಿಯುವ ಜನ. ಕರ್ನಾಟಕ ಸರ್ಕಾರವು ೨೦೨೪ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಸಾರಿತು. ದಪ್ಪ ಮೈಯ ಕೊಳಕುಮಂಡಲವನ್ನು ಹೆಬ್ಬಾವಿನ ಮರಿಯೆಂದು ತಿಳಿದು ಕೈಹಾಕಿದವರೂ, ಕಟ್ಟುಹಾವನ್ನು ನಿರ್ವಿಷದ ತೋಳಹಾವೆಂದು ಭ್ರಮಿಸಿದವರೂ ಉಂಟು. ಗಂಗೊಳ್ಳಿಯ ಬಲೆಗಳಲ್ಲಿ ಸಿಕ್ಕುವ ಕಡಲಹಾವುಗಳ ಬಾಲ ಹುಟ್ಟಿನಂತೆ ಚಪ್ಪಟೆ. ಅವು ತೀಕ್ಷ್ಣ ವಿಷದವು, ಮತ್ತು ನಮ್ಮಲ್ಲಿ ದೊರೆಯುವ ಪ್ರತಿವಿಷವು ಅವುಗಳ ವಿಷಕ್ಕೆ ತಯಾರಾದುದಲ್ಲ. ಆದಕಾರಣ ಹಾವನ್ನು ಗುರುತಿಸುವ ವಿದ್ಯೆಯು ದೂರ ನಿಲ್ಲುವುದಕ್ಕೇ ಹೊರತು ಹಿಡಿಯುವುದಕ್ಕಲ್ಲ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಇವು ಯಾವುವೂ ಕೂಡದು. ಕಚ್ಚಿದ ಅಂಗವನ್ನು ಅಲುಗಿಸದೆ, ಒಡನೆಯೇ ಪ್ರತಿವಿಷವಿರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಕತ್ತಲೆಯಲ್ಲಿ ಕೈದೀಪ, ಗದ್ದೆಯಲ್ಲಿ ಕಾಲುಮುಚ್ಚುವ ಬೂಟು, ಮಲಗುವಾಗ ಮಂಚವೂ ಸೊಳ್ಳೆಪರದೆಯೂ: ಈ ಮೂರರಿಂದ ಎಷ್ಟೋ ಜೀವಗಳು ಉಳಿಯುವುವು. ೧೭೯೬ರಲ್ಲಿ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯನು ಭಾರತದ ಹಾವುಗಳ ಸಚಿತ್ರ ಗ್ರಂಥವನ್ನು ಹೊರತಂದುದೂ ವಿಷದ ಹಾವನ್ನು ವಿಷವಿಲ್ಲದುದರಿಂದ ಜನ ಬೇರ್ಪಡಿಸಿ ತಿಳಿಯಲೆಂದೇ. ನಮ್ಮ ಕಾಲದಲ್ಲಿ ಉಡುಪಿಯ ಗುರುರಾಜ ಸನಿಲರು ಹಾವುಗಳನ್ನು ಕುರಿತು ಕನ್ನಡದಲ್ಲಿಯೇ ಬರೆದಿರುವರು.

ಪ್ರಾಣಿಯನ್ನು ಅದರ ನೆಲೆಯಲ್ಲಿಯೇ ನೋಡುವುದರ ಫಲವೇನೆಂಬುದಕ್ಕೆ ಸಮೀಪದ ಉದಾಹರಣೆಯೊಂದುಂಟು. ಬ್ರಹ್ಮಾವರದ ಸೀಮೆಯಲ್ಲಿ ಹರಿಯುವ ಸೀತಾನದಿಯ ಮೂಲವಿರುವುದು ಆಗುಂಬೆಯ ಕಡೆಯ ಘಟ್ಟಗಳಲ್ಲಿ. ಅಲ್ಲಿ ೨೦೦೫ರಲ್ಲಿ ರೊಮುಲಸ್ ವಿಟೇಕರರು ಮಳೆಕಾಡಿನ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಮುಂದೆ ಕಾಳಿಂಗಗಳ ಮೈಯಲ್ಲಿ ಸಣ್ಣ ರೇಡಿಯೋ ಯಂತ್ರವನ್ನಿರಿಸಿ ಅವನ್ನು ಕಾಡಿನಲ್ಲಿ ದಿನದಿನವೂ ಹಿಂಬಾಲಿಸಿದರು. ಹೆಣ್ಣು ಕಾಳಿಂಗವು ಉದುರಿದ ಎಲೆಗಳನ್ನು ಮೈಯಿಂದ ರಾಶಿಗೂಡಿಸಿ ಗೂಡು ಕಟ್ಟಿ ಮೊಟ್ಟೆಗಳನ್ನು ಕಾಯುವ ಬಗೆ ಕಾಡಿನಲ್ಲಿಯೇ ಸ್ಪಷ್ಟವಾಗತಕ್ಕುದು. ೨೦೨೪ರಲ್ಲಿ ಪಿ. ಗೌರಿಶಂಕರರೂ ಅವರ ಸಂಗಡಿಗರೂ ಪಶ್ಚಿಮ ಘಟ್ಟದ ಕಾಳಿಂಗವು ಬೇರೆಯೇ ಒಂದು ಜಾತಿಯೆಂದು ತೋರಿಸಿ, ಅದಕ್ಕೆ ಶಾಸ್ತ್ರೀಯವಾಗಿ ‘ಒಫಿಯೊಫೇಗಸ್ ಕಾಳಿಂಗ’ ಎಂಬ ಹೆಸರನ್ನಿಟ್ಟರು. ನಮ್ಮ ಹಳ್ಳಿಗರ ಬಾಯ ಮಾತು ಹೀಗೆ ಲೋಕದ ವಿಜ್ಞಾನ ಗ್ರಂಥಗಳನ್ನು ಸೇರಿತು.

ನೆಲೆಯ ಮಾತು ಬಂದಾಗ ನಾಗಬನವನ್ನು ನೆನೆಯದಿರುವುದೆಂತು? ಮನೆತನಕ್ಕೊಂದು ಬನವನ್ನು ಬಿಟ್ಟು, ಅಲ್ಲಿ ಕತ್ತಿಯಾಡಿಸಬಾರದೆಂದು ಹಿರಿಯರು ವಿಧಿಸಿದರು. ಸತ್ತ ನಾಗರಕ್ಕೆ ಮನುಷ್ಯನಿಗೆಂಬಂತೆ ಸಂಸ್ಕಾರ ಮಾಡುವುದು ಇಂದಿಗೂ ನಡೆದಿದೆ. ಆದರೆ ಈಚೆಗೆ ಹಲವೆಡೆ ಬನದ ಮರಬಳ್ಳಿಗಳನ್ನು ಕಡಿದು, ನೆಲಕ್ಕೆ ಕಾಂಕ್ರೀಟು ಹಾಸಿ, ಕಲ್ಲಿನ ಕಟ್ಟೆಯನ್ನು ಕಟ್ಟಿಸುವರು. ಕಲ್ಲಿನ ಪ್ರತಿಮೆಗೆ ಇದರಿಂದ ಅನುಕೂಲವಾದೀತು. ತರಗೆಲೆ, ಹುತ್ತ, ನೆರಳು ಇವನ್ನು ಬೇಡುವ ಜೀವಂತ ನಾಗನಿಗೆ ಮನೆಯೇ ಇಲ್ಲವಾಯಿತು. ಅದು ಮತ್ತೆ ನಮ್ಮ ಕೊಟ್ಟಿಗೆಗೋ ಸೌದೆಯ ರಾಶಿಗೋ ಬಂದರೆ ತಪ್ಪು ಯಾರದು? ಬನವನ್ನು ಬನವಾಗಿಯೇ ಉಳಿಸಿಕೊಂಡ ಮನೆತನವು ದೇವರ ಸೇವೆಯನ್ನೂ ವಿಜ್ಞಾನದ ಸೇವೆಯನ್ನೂ ಒಟ್ಟಿಗೇ ಮಾಡಿದಂತಾಯಿತು.

ಕಡಲ ದಂಡೆಯಲ್ಲಿಯೂ ಇದೇ ಪಾಠ. ಚಳಿಗಾಲದ ತಿಂಗಳುಗಳಲ್ಲಿ ಕೋಡಿ, ಮರವಂತೆ, ತ್ರಾಸಿ ಮೊದಲಾದ ಕಡೆ ಕಡಲಾಮೆಗಳು ರಾತ್ರಿ ಮರಳಿಗೆ ಬಂದು ನೂರರಷ್ಟು ಮೊಟ್ಟೆಗಳನ್ನಿಟ್ಟು ಮರಳುವುವು. ಸುಮಾರು ೪೫ರಿಂದ ೬೦ ದಿನಗಳಲ್ಲಿ ಮರಿಗಳು ಹೊರಬರುವುವು. ಮರಳು ಹೆಚ್ಚು ಬಿಸಿಯಾಗಿದ್ದರೆ ಹೆಣ್ಣುಗಳು, ತಂಪಾಗಿದ್ದರೆ ಗಂಡುಗಳು ಹುಟ್ಟುವುವು. ಬೆಳಕಿರುವ ಕಡೆಗೆ ಕಡಲಿದೆಯೆಂದು ನಂಬಿ ಹೊರಡುವ ಮರಿಗಳು ಹೆದ್ದಾರಿಯ, ಹೋಟೆಲುಗಳ ದೀಪವನ್ನು ಕಂಡು ದಾರಿತಪ್ಪುವುವು. ಆ ತಿಂಗಳುಗಳಲ್ಲಿ ದಂಡೆಯ ಕಡೆಯ ದೀಪವೊಂದನ್ನು ಆರಿಸುವುದೂ, ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸುವುದೂ ಹವ್ಯಾಸಿಯ ಕೆಲಸವೇ.

ಈ ಹವ್ಯಾಸಕ್ಕೆ ಬೇಕಾದ ಸಾಮಗ್ರಿ ಬಹಳವಿಲ್ಲ: ಒಂದು ಟಿಪ್ಪಣಿ ಪುಸ್ತಕ, ಒಂದು ಪೆನ್ಸಿಲು, ಸಾಧ್ಯವಾದರೆ ಒಂದು ದುರ್ಬೀನು. ದಿನ, ಹೊತ್ತು, ಹವೆ, ಸ್ಥಳ ಇವನ್ನು ಮೊದಲು ಬರೆಯಬೇಕು; ಬಳಿಕ ಕಂಡುದನ್ನು ಕಂಡಷ್ಟೇ ಬರೆಯಬೇಕು. ಕಲ್ಲನ್ನು ಮಗುಚಿದರೆ ಮತ್ತೆ ಹಾಗೆಯೇ ಇಡಬೇಕು. ಕಾಣದ ಸಂದಿಯೊಳಗೆ ಕೈಯಿಡಬಾರದು. ಹಾವಿನಿಂದ ಹತ್ತಡಿಯಾದರೂ ದೂರ ನಿಲ್ಲಬೇಕು. ಮನೆಯೊಳಗೆ ಬಂದ ಹಾವನ್ನು ಅರಣ್ಯ ಇಲಾಖೆಗೆ ತಿಳಿಸಿ ಅನುಭವಸ್ಥರಿಂದಲೇ ಹೊರಗೆ ಬಿಡಿಸಬೇಕು. ಹತ್ತಿರದಿಂದಲೇ ನೋಡಬೇಕೆಂಬ ಹುಡುಗರಿಗೆ ಮಂಗಳೂರಿನ ಬಳಿಯ ಪಿಲಿಕುಳವಿದೆ. ಮೊದಲ ಮಳೆ ಬಿದ್ದ ದಿನ ಯಾವ ಹಾವು ಕಂಡಿತು, ಓತಿಯ ಕೆಂಪು ಯಾವ ವಾರ ಏರಿತು, ಬೇಲಿಯನ್ನು ಕಿತ್ತು ಗೋಡೆ ಕಟ್ಟಿದ ಬಳಿಕ ಹಿತ್ತಿಲಿನಲ್ಲಿ ಏನು ಕಾಣದಾಯಿತು ಎಂಬಂಥ ಸಣ್ಣ ದಾಖಲೆಗಳು ಹತ್ತು ವರ್ಷ ಕೂಡಿದರೆ ದೊಡ್ಡ ಗ್ರಂಥಗಳಲ್ಲಿಯೂ ಸಿಕ್ಕದ ಜ್ಞಾನವಾಗುವುವು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ೧೯೩೦ರ ದಶಕದಲ್ಲಿಯೇ ಕನ್ನಡದ ಮಕ್ಕಳಿಗೆ ‘ಬಾಲಪ್ರಪಂಚ’ವನ್ನು ಬರೆದುಕೊಟ್ಟರು. ಅವರ ನೆರೆಯ ಊರುಗಳ ಮಕ್ಕಳು ತಮ್ಮ ಹಿತ್ತಿಲನ್ನು ತಾವೇ ಓದಿ ಬರೆಯತೊಡಗಿದರೆ ಆ ಪ್ರಪಂಚವು ಇನ್ನಷ್ಟು ಬೆಳೆದೀತು. ಬರುವ ಭಾನುವಾರದ ಬೆಳಗ್ಗೆ ಎಂಟು ಗಂಟೆಗೆ ಪಾಗಾರದ ಬಿಸಿಲು ಬೀಳುವ ಬದಿಯನ್ನು ಅರ್ಧ ಗಂಟೆ ಸುಮ್ಮನೆ ನೋಡುವುದರಿಂದ ಇದನ್ನು ಆರಂಭಿಸಬಹುದು.